ಕ್ಯಾಂಪರ್‌ವ್ಯಾನ್‌ನಲ್ಲಿ ಅಪ್ಪರ್ ಬರ್ತ್ ಯಾರಿಗೆ? ಆರು ಮೀಟರ್ ವ್ಯಾನ್, ನಾಲ್ಕು ಜನ, ಒಂದು ಮಳೆಯ ಸಂಜೆ

[ದೃಶ್ಯ: ವ್ಯಾನ್‌ನ ಹಿಂದಿನ ಎರಡೂ ಬಾಗಿಲು ತೆರೆಯುತ್ತವೆ. ಒಳಗೆ ಬರೀ ತಗಡು.]

ನಮಸ್ಕಾರ. ಈ ಖಾಲಿ ವ್ಯಾನನ್ನು ನಾವೇ ಕ್ಯಾಂಪರ್‌ವ್ಯಾನ್, ಅಂದರೆ ಮಲಗಿ, ಅಡುಗೆ ಮಾಡಿ ಇರಬಹುದಾದ ಗಾಡಿ ಮಾಡುತ್ತಿದ್ದೇವೆ. ಇದನ್ನು ತೋರಿಸಿದಾಗಿನಿಂದ ನೀವೆಲ್ಲ ಕೇಳುತ್ತಿರುವುದು ಒಂದೇ. ಇದರಲ್ಲಿ ನಾಲ್ಕು ಜನ ಮಲಗೋಕೆ ಆಗುತ್ತಾ?

ಆಗುತ್ತೆ. ಅದು ಅಷ್ಟು ಕಷ್ಟವೂ ಅಲ್ಲ. ನನಗೆ ತಿಂಗಳುಗಟ್ಟಲೆ ನಿದ್ದೆಗೆಡಿಸಿದ ಪ್ರಶ್ನೆ ಬೇರೆ. ರಾತ್ರಿ ಎಂಟು ಗಂಟೆಗೆ ಮಗ ಮಲಗಿಬಿಟ್ಟ, ಉಳಿದ ಮೂವರಿಗೆ ನಿದ್ದೆ ಬಂದಿಲ್ಲ, ಹೊರಗೆ ಜೋರು ಮಳೆ. ಆಗ ಈ ಮೂವರು ಎಲ್ಲಿ ಕೂರಬೇಕು?

ಬೇಸಿಕ್ಸ್ ಬೇಗ ಮುಗಿಸೋಣ. ನಾವಿರುವುದು ಜರ್ಮನಿಯಲ್ಲಿ, ಸ್ಟುಟ್‌ಗಾರ್ಟ್ ಹತ್ತಿರ. ಮಗಳಿಗೆ ಒಂಬತ್ತು, ಮಗನಿಗೆ ಐದು. ವ್ಯಾನ್ ಫಿಯಟ್ ಡುಕಾಟೊ, ಎಲ್3ಎಚ್2, ಅಂದರೆ ಉದ್ದದಲ್ಲಿ ಮೂರನೇ ಅಳತೆ, ಎತ್ತರದಲ್ಲಿ ಎರಡನೇ ಅಳತೆ. ಉದ್ದ 5998 ಮಿಲಿಮೀಟರ್, ಅಂದರೆ ಆರು ಮೀಟರಿಗೆ ಎರಡೇ ಮಿಲಿಮೀಟರ್ ಕಮ್ಮಿ. ಡ್ರೈವರ್ ಸೀಟಿನ ಹಿಂದೆ ನಮಗೆ ಸಿಗುವುದು ಸುಮಾರು 3.7 ಮೀಟರ್ ಉದ್ದ, ಅತಿ ಅಗಲದ ಕಡೆ 1.87 ಮೀಟರ್ ಅಗಲ, 1.93 ಮೀಟರ್ ಎತ್ತರ. ಇನ್ಸುಲೇಷನ್, ನೆಲ, ಪ್ಯಾನೆಲ್ ಎಲ್ಲ ಹಾಕಿದ ಮೇಲೆ ಅಗಲ 1.80ಕ್ಕೂ, ಎತ್ತರ 1.85ಕ್ಕೂ ಇಳಿಯುತ್ತದೆ. ಇಷ್ಟೇ ನಮ್ಮ ಸೈಟು. ಮನೆ ಇದರಲ್ಲೇ ಆಗಬೇಕು.

ಹೋದ ವರ್ಷ ಒಂದು ಬಾಡಿಗೆ ಕ್ಯಾಂಪರ್ ತಗೊಂಡು ಬೋಡನ್‌ಸೇ ಸರೋವರದ ಹತ್ತಿರ ನಾಲ್ಕು ರಾತ್ರಿ ಇದ್ದೆವು. ಹಿಂದೆ ದೊಡ್ಡ ಕಾಯಂ ಹಾಸಿಗೆ, ದೊಡ್ಡವರಿಗೆ. ಮುಂದೆ ಊಟದ ಟೇಬಲ್ ಇಳಿಸಿ, ಮೆತ್ತೆ ಜೋಡಿಸಿದರೆ ಮಕ್ಕಳ ಹಾಸಿಗೆ. ಚಿತ್ರದಲ್ಲಿ ನೋಡೋಕೆ ಬಹಳ ಚೆಂದ. ಮೊದಲನೇ ರಾತ್ರಿ ಮಳೆ ಬಂತು. ಮಗನಿಗೆ ಏಳೂವರೆಗೇ ಕಣ್ಣು ಎಳೆಯೋಕೆ ಶುರು. ಅವನನ್ನು ಮಲಗಿಸಬೇಕಾದರೆ ಟೇಬಲ್ ಇಳಿಸಬೇಕು. ಟೇಬಲ್ ಮೇಲೆ ಇನ್ನೂ ಅನ್ನ, ಸಾರು, ಮಗಳ ಬಣ್ಣದ ಪೆನ್ಸಿಲ್. ಎಲ್ಲ ಎತ್ತಿ, ಟೇಬಲ್ ಇಳಿಸಿ, ಅವನನ್ನು ಮಲಗಿಸಿ, ದೀಪ ಆರಿಸಿದೆವು. ಆಮೇಲೆ ನಾನು, ನನ್ನ ಹೆಂಡತಿ ಹಿಂದಿನ ಹಾಸಿಗೆ ಮೇಲೆ ಕತ್ತಲಲ್ಲಿ ಪಿಸುಗುಟ್ಟುತ್ತಾ ಕೂತೆವು. ಮಗಳು ಇಬ್ಬರ ಮಧ್ಯೆ ಹೊದಿಕೆಯೊಳಗೆ ಟಾರ್ಚ್ ಹಿಡಿದು ಪುಸ್ತಕ ಓದಿದಳು. ಅಂದು ನನಗೆ ಗೊತ್ತಾಯಿತು, ಈ ಲೇಔಟ್ ಮಾಡಿದವರು ಹಾಸಿಗೆ ಎಣಿಸಿದ್ದಾರೆ, ಗಡಿಯಾರ ನೋಡಿಲ್ಲ.

[ದೃಶ್ಯ: ಸ್ಲೀಪರ್ ಕೋಚ್‌ನ ನಕ್ಷೆ. ಬರ್ತ್‌ಗಳಿಗೆ ಒಂದೊಂದಾಗಿ ಬಣ್ಣ ತುಂಬುತ್ತದೆ.]

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಜಾಸ್ತಿ ಹೊತ್ತೇ ಮಾತಾಡುತ್ತೇನೆ, ಯಾಕೆಂದರೆ ಈ ಸಮಸ್ಯೆಗೆ ನಾನು ನೋಡಿದ ಅತ್ಯಂತ ಒಳ್ಳೆಯ ಉತ್ತರ ನಮ್ಮ ರೈಲಿನ ಸ್ಲೀಪರ್ ಡಬ್ಬಿಯಲ್ಲಿದೆ.

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿನಿಂದ ಬೆಳಗಾವಿಗೆ ಹೋಗಿದ್ದೀರಿ ಅಂತ ಇಟ್ಟುಕೊಳ್ಳಿ. ಹಳೆಯ ಐಸಿಎಫ್, ಅಂದರೆ ಚೆನ್ನೈ ಕಾರ್ಖಾನೆಯ ಮಾದರಿಯ ಸ್ಲೀಪರ್ ಕೋಚಿನಲ್ಲಿ ಒಂಬತ್ತು ಖಾನೆ, ಒಂದೊಂದರಲ್ಲಿ ಎಂಟು ಬರ್ತ್, ಒಟ್ಟು 72. ಎಂಟರಲ್ಲಿ ಆರು ಡಬ್ಬಿಗೆ ಅಡ್ಡಲಾಗಿವೆ, ಎರಡು ಉದ್ದಕ್ಕೆ, ಅದೇ ಸೈಡ್ ಲೋವರ್ ಮತ್ತು ಸೈಡ್ ಅಪ್ಪರ್. ಹಗಲು ಸೈಡ್ ಲೋವರ್ ಅಂದರೆ ಎದುರುಬದುರು ಎರಡು ಸೀಟು. ಒರಗುವ ಹಲಗೆ ಎರಡನ್ನೂ ಮಲಗಿಸಿದರೆ ಹಾಸಿಗೆ. ಮಿಡಲ್ ಬರ್ತ್ ಹಗಲೆಲ್ಲ ನಮ್ಮ ಬೆನ್ನಿಗೆ ಒರಗು, ರಾತ್ರಿ ಎತ್ತಿ ಚೈನಿಗೆ ಸಿಕ್ಕಿಸಿದರೆ ಹಾಸಿಗೆ. ಒಂದೇ ಹಲಗೆಗೆ ಎರಡು ಕೆಲಸ. ಕ್ಯಾಂಪರ್‌ವ್ಯಾನ್‌ನ ಹುಟ್ಟೂ ಇದೇ ಯೋಚನೆಯಿಂದ. 1951ರಲ್ಲಿ ವೆಸ್ಟ್‌ಫಾಲಿಯಾ ಅನ್ನುವ ಜರ್ಮನ್ ಕಂಪನಿ ಫೋಕ್ಸ್‌ವ್ಯಾಗನ್ ವ್ಯಾನಿಗೆ ಒಂದು ಕ್ಯಾಂಪಿಂಗ್ ಬಾಕ್ಸ್ ಮಾಡಿತು. ಹಗಲು ಸೀಟು, ರಾತ್ರಿ ಹಾಸಿಗೆ.

ಆದರೆ ರೈಲಿನಲ್ಲಿ ಜಗಳ ಎಲ್ಲಿ ಶುರುವಾಗುತ್ತೆ ಹೇಳಿ? ಮಿಡಲ್ ಬರ್ತ್‌ನಲ್ಲಿ ಅಲ್ವಾ? ಎಂಟು ಗಂಟೆಗೆ ಮಿಡಲ್ ಬರ್ತ್‌ನವರಿಗೆ ನಿದ್ದೆ ಬಂತು. ಕೆಳಗಿನವರು ಆಗಷ್ಟೇ ಪೇಪರ್ ಹಾಸಿ ಚಪಾತಿ, ಚಟ್ನಿಪುಡಿ ಬಿಚ್ಚಿದ್ದಾರೆ. ಬರ್ತ್ ಎತ್ತಿದರೆ ಕೆಳಗೆ ಯಾರೂ ನೆಟ್ಟಗೆ ಕೂರೋಕೆ ಆಗಲ್ಲ. ಅದಕ್ಕೇ ರೈಲ್ವೆ ನಿಯಮ ಮಾಡಿದೆ, ಮಲಗುವ ಹೊತ್ತು ರಾತ್ರಿ 10ರಿಂದ ಬೆಳಗ್ಗೆ 6. ಜಾಗ ಸಾಲದ ಕಡೆ ಸಮಯವನ್ನು ಹಂಚಿದ್ದಾರೆ. ಹಿಂದೆ ಒಂದು ಸಲ ಸೈಡ್ ಮಿಡಲ್ ಬರ್ತ್ ಅಂತಲೂ ತುರುಕಿ ನೋಡಿದರು, ಜನ ಬೈದರು, ತೆಗೆದರು. ಹಾಸಿಗೆ ಒಂದು ಹೆಚ್ಚಾಯಿತು ಅಂದ ಮಾತ್ರಕ್ಕೆ ಲೇಔಟ್ ಒಳ್ಳೆಯದಾಗಲಿಲ್ಲ.

ಈಗ ಅಪ್ಪರ್ ಬರ್ತ್ ನೋಡಿ. ಅವರಿಗೆ ಯಾರ ಅಪ್ಪಣೆಯೂ ಬೇಡ. ಮಧ್ಯಾಹ್ನ ಎರಡಕ್ಕೂ ಹತ್ತಿ ಮಲಗಬಹುದು, ಕೆಳಗಿನವರು ಇಸ್ಪೀಟು ಆಡುತ್ತಾ ಕೂರಬಹುದು. ಇಡೀ ಖಾನೆಯಲ್ಲಿ ಯಾರನ್ನೂ ಊಟದ ಮಧ್ಯೆ ಎಬ್ಬಿಸದ ಹಾಸಿಗೆ ಅದೊಂದೇ.

ಹಾಗಾದರೆ ವ್ಯಾನ್‌ನಲ್ಲಿ ಅಪ್ಪರ್ ಬರ್ತ್ ಯಾರಿಗೆ ಕೊಡಬೇಕು? ಮೊದಲು ಮಲಗುವವರಿಗೆ. ಅಂದರೆ ಮಕ್ಕಳಿಗೆ. ಹೆಚ್ಚಿನ ಫ್ಯಾಮಿಲಿ ವ್ಯಾನ್‌ಗಳಲ್ಲಿ ನಾನು ನೋಡಿದ್ದು ತಿರುಗುಮುರುಗು. ಕಾಯಂ ಹಾಸಿಗೆ ಅಪ್ಪ ಅಮ್ಮನಿಗೆ, ಜೋಡಿಸುವ ಹಾಸಿಗೆ ಮಕ್ಕಳಿಗೆ. ನನ್ನ ಪ್ರಕಾರ ಇದು ತಪ್ಪು.

[ದೃಶ್ಯ: ನಮ್ಮ ವ್ಯಾನ್‌ನ ಅಡ್ಡ ಸೀಳು ಚಿತ್ರ. ಎರಡು ಹಾಸಿಗೆ, ಒಂದರ ಮೇಲೊಂದು.]

ನಮ್ಮದು ಹೀಗೆ. ಹಿಂಬಾಗಿಲ ಹತ್ತಿರ ಎರಡು ಹಾಸಿಗೆ, ಎರಡೂ ಅಡ್ಡಲಾಗಿ. ಮೇಲಿನದು ಕಾಯಂ, ಮಕ್ಕಳಿಬ್ಬರಿಗೂ. ಕೆಳಗಿನದು ನಮಗೆ, ಹಗಲು ಗೋಡೆಗೆ ಮಡಚುತ್ತದೆ, ಆ ಜಾಗದಲ್ಲಿ ಸೈಕಲ್ ನಿಲ್ಲುತ್ತವೆ. ಮಕ್ಕಳು ಎಂಟಕ್ಕೆ ಮೇಲೆ ಹತ್ತಿ, ಪರದೆ ಎಳೆದು ಮಲಗುತ್ತಾರೆ. ನಾವು ಹತ್ತೂವರೆ ತನಕ ಮುಂದೆ ಟೇಬಲ್ ಹತ್ತಿರ ಕೂತು, ಆಮೇಲೆ ಹೋಗಿ ಕೆಳಗೆ ಹಾಸಿಕೊಳ್ಳುತ್ತೇವೆ. ಟೇಬಲ್ ಮುಟ್ಟುವುದೇ ಇಲ್ಲ. ಕೆಳಗಿನ ಹಾಸಿಗೆಯ ಮೇಲೆ 60 ಸೆಂಟಿಮೀಟರ್ ಎತ್ತರ ಸಿಗುತ್ತದೆ. ಮಿಡಲ್ ಬರ್ತ್‌ನಲ್ಲಿ ಇದ್ದ ಹಾಗೆ, ಕೂರೋಕೆ ಆಗಲ್ಲ, ಮಲಗೋಕೆ ಸಾಕು.

ಅಡ್ಡ ಯಾಕೆ? ಉದ್ದಕ್ಕೆ ಮಲಗಿದರೆ 3.7 ಮೀಟರಿನಲ್ಲಿ ಎರಡು ಮೀಟರ್ ಹಾಸಿಗೆಗೇ ಹೋಯಿತು. ಅಡ್ಡ ಮಲಗಿದರೆ 1.35 ಸಾಕು. ಉಳಿದ 65 ಸೆಂಟಿಮೀಟರಿನಲ್ಲಿ ಅಡುಗೆ ಕಟ್ಟೆಯ ಒಂದು ಭಾಗವೇ ಬಂತು. ನನ್ನ ಎತ್ತರ 178. 1.80 ಅಗಲದಲ್ಲಿ ತಲೆಗೆ, ಪಾದಕ್ಕೆ ಗೋಡೆ ತಾಗುತ್ತದೆ, ಅದಕ್ಕೇ ಹಾಸಿಗೆ ಬರುವ ಕಡೆ ಮಾತ್ರ ಪ್ಯಾನೆಲ್ ಬಿಟ್ಟು, ಗೋಡೆಯ ಕಬ್ಬಿಣದ ಪಕ್ಕೆಲುಬುಗಳ ಮಧ್ಯೆ ತೆಳು ಇನ್ಸುಲೇಷನ್ ಹಾಕಿ, ಮೇಲೆ ಬಟ್ಟೆ ಅಂಟಿಸುತ್ತೇನೆ. ಮೂರ್ನಾಲ್ಕು ಸೆಂಟಿಮೀಟರ್ ವಾಪಸ್ ಬರುತ್ತದೆ. ಇನ್ನೊಂದು ಖುಷಿಯ ವಿಷಯ. ವ್ಯಾನ್‌ನ ಗೋಡೆ ಮೇಲೆ ಹೋದ ಹಾಗೆ ಒಳಗೆ ಬಾಗುತ್ತದೆ. ಅಂದರೆ ಮೇಲಿನ ಹಾಸಿಗೆ ಗಿಡ್ಡ ಆಗುತ್ತದೆ. ಅಲ್ಲಿ ಯಾರು ಸರಿಹೋಗುತ್ತಾರೆ? ಮಕ್ಕಳೇ! ಗಡಿಯಾರವೂ ಗೋಡೆಯೂ ಒಂದೇ ಉತ್ತರ ಹೇಳಿದ ದಿನ ನಾನು ಬಹಳ ಸಂತೋಷಪಟ್ಟೆ. ಮಗಳು ಉದ್ದ ಬೆಳೆದ ಮೇಲೆ ಅದಲುಬದಲು ನೋಡೋಣ. ಮೇಲಿನವರು ಬೀಳದ ಹಾಗೆ ಬಲೆ ಕಟ್ಟಲೇಬೇಕು, ಅದನ್ನು ಮರೆಯಬೇಡಿ.

ಈಗ ಸೀಟು. ದಯವಿಟ್ಟು ಇದನ್ನು ಗಮನ ಇಟ್ಟು ಕೇಳಿ. ಹಾಸಿಗೆಗಿಂತ ಮೊದಲು ಸೀಟ್ ಬೆಲ್ಟ್ ಎಣಿಸಿ. ಪ್ಲೈವುಡ್ ಪೆಟ್ಟಿಗೆ ಮೇಲೆ ಮೆತ್ತೆ ಹಾಕಿ ಮಕ್ಕಳನ್ನು ಕೂರಿಸಿಕೊಂಡು ಗಾಡಿ ಓಡಿಸಬೇಡಿ. ಗೋಡೆಗೆ ಬೆನ್ನು ಹಾಕಿ ಪಕ್ಕಕ್ಕೆ ಮುಖ ಮಾಡಿ ಕೂರುವ ಸೀಟೂ ಬೇಡ, ಬ್ರೇಕ್ ಬಿದ್ದಾಗ ದೇಹವನ್ನು ಹಿಡಿಯೋಕೆ ಬೆಲ್ಟಿಗೆ ಅಲ್ಲಿ ದಾರಿಯೇ ಇಲ್ಲ. ಮುಂದಕ್ಕೆ ಮುಖ ಮಾಡಿದ, ಮೂರು ಪಾಯಿಂಟ್ ಬೆಲ್ಟಿನ, ಪರೀಕ್ಷೆ ಪಾಸಾದ ಎರಡು ಸೀಟಿನ ಬೆಂಚ್ ತಗೊಂಡು, ಅದನ್ನು ಮಾಡಿದವರು ಹೇಳುವ ರೀತಿಯಲ್ಲೇ ವ್ಯಾನ್‌ನ ತಳಕ್ಕೆ ಬೋಲ್ಟ್ ಮಾಡಿಸಿ. ನಮ್ಮದು ಡ್ರೈವರ್ ಹಿಂದೆ ಬರುತ್ತದೆ. ಮುಂದಿನ ಎರಡು ಸೀಟು ಹಿಂದಕ್ಕೆ ತಿರುಗುತ್ತವೆ. ನಾಲ್ವರೂ ಟೇಬಲ್ ಸುತ್ತ. ಇಲ್ಲಿ 12 ವರ್ಷ ಅಥವಾ 150 ಸೆಂಟಿಮೀಟರ್ ಆಗುವ ತನಕ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ. ರಾತ್ರಿ ಆ ಎರಡು ದಪ್ಪ ಸೀಟುಗಳನ್ನು ಎಲ್ಲಿ ಇಡುತ್ತೀರಿ? ಯಾವ ಲೇಔಟ್ ಚಿತ್ರದಲ್ಲೂ ಅವು ಇರಲ್ಲ. ನಾವು ನಕ್ಷೆಯಲ್ಲೇ ಜಾಗ ಬರೆದಿದ್ದೇವೆ, ಸ್ಟೀರಿಂಗ್ ಕೆಳಗೊಂದು, ಪಕ್ಕದ ಸೀಟಿನ ಕಾಲ ಹತ್ತಿರ ಇನ್ನೊಂದು.

ಲೆಕ್ಕ ಹಾಕಿ. ಬೆಂಚು, ಕಾಲಿನ ಜಾಗ ಸೇರಿ 1.20. ಹಾಸಿಗೆ 1.35. ಉಳಿದ 1.15 ಮೀಟರಿನಲ್ಲಿ ಒಂದು ಕಡೆ ಅಡುಗೆ, ಇನ್ನೊಂದು ಕಡೆ ಪುಟ್ಟ ಟಾಯ್ಲೆಟ್.

[ದೃಶ್ಯ: ಮನೆಯ ಹಾಲ್. ನೆಲದ ಮೇಲೆ ನೀಲಿ ಟೇಪ್‌ನ ಗೆರೆಗಳು.]

ಕಂಪ್ಯೂಟರಿನಲ್ಲಿ ಇದೆಲ್ಲ ಸರಿಯಾಗೇ ಕಾಣಿಸಿತು. ಆದರೂ ಒಂದು ಭಾನುವಾರ ಹಾಲ್‌ನಲ್ಲಿ ಸೋಫಾ ಸರಿಸಿ, ನೆಲದ ಮೇಲೆ 3.7 ಗುಣಿಸು 1.8 ಟೇಪ್ ಅಂಟಿಸಿದೆವು. ರಟ್ಟಿನ ಪೆಟ್ಟಿಗೆಗಳೇ ಅಡುಗೆ ಕಟ್ಟೆ. ಗೆರೆ ದಾಟಬಾರದು ಅಂತ ನಿಯಮ. ಅದರೊಳಗೇ ದೋಸೆ ಮಾಡಿ, ತಿಂದು, ತಟ್ಟೆ ತೊಳೆಯುವ ಹಾಗೆ ನಟಿಸಿದೆವು. ಹತ್ತೇ ನಿಮಿಷದಲ್ಲಿ ತಪ್ಪು ಸಿಕ್ಕಿತು. ನನ್ನ ಹೆಂಡತಿ ಕಾವಲಿ ಹಿಡಿದು ತಿರುಗಿದಳು, ಅದೇ ಹೊತ್ತಿಗೆ ಮಗ ಟಾಯ್ಲೆಟ್ ಅಂತ ಓಡಿ ಬಂದ, ಕಾವಲಿಯ ಅಂಚು ಅವನ ಹಣೆಯ ಎತ್ತರಕ್ಕೇ ಇತ್ತು. ಕಾವಲಿ ತಣ್ಣಗಿತ್ತು, ಪುಣ್ಯ. ಒಲೆಯನ್ನು ಓಡಾಡುವ ದಾರಿಯಿಂದ ತೆಗೆದು ಜಾರುವ ಬಾಗಿಲ ಕಡೆಯ ತುದಿಗೆ ಸರಿಸಿದ್ದು ಆವತ್ತೇ. ಟೇಪಿಗೆ ಮೂರು ಯೂರೋ ಆಗಿರಬಹುದು. ನೀವು ಬೇರೆ ಏನು ಮಾಡದಿದ್ದರೂ ಇದೊಂದು ಮಾಡಿ.

ವಿಡಿಯೋ ಉದ್ದ ಆಗ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ.

ತೂಕ. ಸಾಮಾನ್ಯ ಕಾರ್ ಲೈಸೆನ್ಸಿಗೆ ಇಲ್ಲಿ 3500 ಕೆಜಿ ಮಿತಿ. ಖಾಲಿ ವ್ಯಾನೇ ಸುಮಾರು 2000. ನಮ್ಮವರಿಗೆ ಎಲ್ಲ ಗಟ್ಟಿಮುಟ್ಟಾಗಿರಬೇಕು, ಆದರೆ 8x4 ಅಡಿಯ 18 ಎಂಎಂ ಬರ್ಚ್ ಪ್ಲೈ ಒಂದು ಹಾಳೆ ಸುಮಾರು 35 ಕೆಜಿ. 12 ಎಂಎಂ ಪಾಪ್ಲರ್ ಪ್ಲೈ ಅದರ ಅರ್ಧ ತೂಕವೂ ಇಲ್ಲ. ನೀರಿನ ಟ್ಯಾಂಕ್, ಬ್ಯಾಟರಿ ಕೆಳಗೆ, ಎರಡು ಆಕ್ಸಲ್‌ಗಳ ಮಧ್ಯೆ ಇರಲಿ. ಹಿಂದಿನ ಚಕ್ರದ ಆಚೆ ಭಾರ ಇಟ್ಟರೆ ಏತದ ಹಾಗೆ ಮೂತಿ ಮೇಲೇಳುತ್ತದೆ. ಡುಕಾಟೊಗೆ ಎಂಜಿನ್ ತಿರುಗಿಸುವುದು ಮುಂದಿನ ಚಕ್ರ. ಒದ್ದೆ ಹುಲ್ಲಿನಲ್ಲಿ ಸುಮ್ನೆ ಸುತ್ತುತ್ತಾ ನಿಲ್ಲುತ್ತದೆ.

ಕರೆಂಟು. 12.8 ವೋಲ್ಟಿನ 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿಯಲ್ಲಿ 1.28 ಯೂನಿಟ್ ಇರುತ್ತದೆ. ಮಿಕ್ಸಿಗೆ ಹೆದರಬೇಡಿ, 750 ವ್ಯಾಟ್ ಇದ್ದರೂ ಚಟ್ನಿಗೆ ಓಡುವುದು ಎರಡು ಮೂರು ನಿಮಿಷ. 1500 ವ್ಯಾಟಿನ ಇಂಡಕ್ಷನ್ ಒಂದು ಗಂಟೆ ಉರಿದರೆ ಬ್ಯಾಟರಿ ಖಾಲಿ. ಗ್ಯಾಸ್ ಇಟ್ಟರೆ ನೆಲದಲ್ಲಿ ತೂತು ಬೇಕು, ಸೋರಿದ ಗ್ಯಾಸ್ ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತದೆ. ನಾಲ್ಕು ಜನರ ಉಸಿರಿನಿಂದ ರಾತ್ರಿಗೆ ಸುಮಾರು ಒಂದು ಲೀಟರ್ ನೀರು ಹಾಸಿಗೆ, ಗಾಜು, ತಗಡಿಗೆ ಕೂರುತ್ತದೆ, ಹಾಗಾಗಿ ಛಾವಣಿಗೆ ಫ್ಯಾನ್, ಹಾಸಿಗೆ ಕೆಳಗೆ ಪಟ್ಟಿಗಳ ಮಧ್ಯೆ ಗಾಳಿ.

ಊರಲ್ಲಿ ಇರುವವರಿಗೆ ಒಂದು ಮಾತು. ಟೆಂಪೋ ಟ್ರಾವೆಲರ್ ತಗೊಂಡು ಮಾಡಬಹುದಾ ಅಂತ ತುಂಬಾ ಜನ ಕೇಳಿದ್ದೀರಿ. ಜಾಗದ ಲೆಕ್ಕ ಇದೇ. ಕಾನೂನು ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಮೋಟಾರ್ ಕ್ಯಾರವಾನ್‌ಗೆ ಎಐಎಸ್-124 ಅಂತ ಪ್ರತ್ಯೇಕ ಮಾನದಂಡ ಇದೆ. ಆರ್‌ಟಿಒದಲ್ಲಿ ಮಾತಾಡಿ, ಆಮೇಲೆ ಟೇಪ್ ಅಂಟಿಸಿ.

[ದೃಶ್ಯ: ಹಾಲ್‌ನ ನೆಲ. ಟೇಪ್ ಗೆರೆಯೊಳಗೆ ಪೆನ್ಸಿಲ್‌ನಲ್ಲಿ ಬರೆದ ಪುಟ್ಟ ವೃತ್ತ.]

ಈ ವೃತ್ತ ಮಗಳು ಬರೆದದ್ದು. ಮೇಲಿನ ಹಾಸಿಗೆಯ ತಲೆ ಕಡೆ, ಎಡ ಮೂಲೆ. ಅಲ್ಲಿ ಅವಳಿಗೆ ಒಂದು ಓದುವ ದೀಪ ಬೇಕಂತೆ, ಸ್ವಿಚ್ ಅವಳ ಕೈಗೇ ಸಿಗಬೇಕಂತೆ, ತಮ್ಮನ ಕಣ್ಣಿಗೆ ಬೆಳಕು ಬೀಳಬಾರದಂತೆ. ಶನಿವಾರ ಗೋಡೆಗೆ ಪ್ಯಾನೆಲ್ ಹೊಡೆಯುವ ಮೊದಲು ಆ ಮೂಲೆಗೆ ವೈರ್ ಎಳೆಯುತ್ತೇನೆ.