ಸೀದೆ: ಕಲ್ಲುಗಳ ನಡುವೆ ಸಂಸಾರ

ಅಧ್ಯಕ್ಷರು ಇಪ್ಪತ್ತೇ ನಿಮಿಷ ಅಂದಿದ್ದಾರೆ. ಹಾಗಾಗಿ ಪೀಠಿಕೆ ಬಿಟ್ಟು ಸೀದಾ ತುರ್ಕಿಗೆ ಹೋಗೋಣ.

ಅಂತಾಲ್ಯದಿಂದ ಪೂರ್ವಕ್ಕೆ, ಕಡಲಿಗೆ ಚಾಚಿಕೊಂಡ ಒಂದು ತುಂಡು ನೆಲ. ಎರಡೂ ಕಡೆ ಮರಳಿನ ದಂಡೆ. ಊರಿನ ಹೆಸರು ಸೀದೆ. ಸ್ನಾನಕ್ಕೆಂದು ಬಂದವರು ಟವೆಲ್ ಹೆಗಲ ಮೇಲೆ ಹಾಕಿಕೊಂಡು ರೋಮನ್ ರಂಗಮಂದಿರದ ಪಕ್ಕದಲ್ಲೇ ಹಾದು ಹೋಗುತ್ತಾರೆ. ಒರಗಲು ಸರಿಯಾದ ಗುಡ್ಡ ಸಿಗದಿದ್ದರಿಂದ ಅದರ ಮೇಲ್ಭಾಗವನ್ನು ಕಮಾನುಗಳ ಮೇಲೆ ಎತ್ತಿ ಕಟ್ಟಿದ್ದಾರೆ. ಸುಮಾರು 15,000 ಜನ ಕೂರಬಹುದಿತ್ತಂತೆ. ನಮ್ಮ ಈ ಹಾಲ್ ತುಂಬಿದ್ದೇ ಇವತ್ತು ಆಶ್ಚರ್ಯ!

ನನಗೆ ಮುಖ್ಯ ಅನಿಸಿದ್ದು ಬೇರೆ. ಊರು ಪಾಳುಬಿದ್ದು ಎಷ್ಟೋ ಶತಮಾನಗಳ ಮೇಲೆ, 19ನೇ ಶತಮಾನದ ಕೊನೆಗೆ, ಕ್ರೀಟ್ ದ್ವೀಪ ಬಿಟ್ಟು ಬಂದ ಮುಸ್ಲಿಮರು ಈ ಕಲ್ಲುಗಳ ನಡುವೆಯೇ ಮನೆ ಕಟ್ಟಿಕೊಂಡರು. 1947ರಲ್ಲಿ ಉತ್ಖನನ ಶುರುವಾದಾಗ ಅಲ್ಲಿ ಆಗಲೇ ಸಂಸಾರಗಳಿದ್ದವು. ಇವತ್ತೂ ಇವೆ. ಬೀದಿಯಲ್ಲಿ ಕೆಲವು ಕಡೆ ನಿಮ್ಮ ಚಪ್ಪಲಿ ಕೆಳಗೆ ಗಾಜು, ಗಾಜಿನ ಕೆಳಗೆ ಹಳೇ ಗೋಡೆ, ಮೇಲೆ ಐಸ್‌ಕ್ರೀಮ್ ಗಾಡಿ. ಅಂಗಡಿಗಳ ಕಾಟ ಜಾಸ್ತಿ, ಒಪ್ಪುತ್ತೇನೆ. ಆದರೂ ಜನ ಇದ್ದಾರಲ್ಲ!

ಆ ಉತ್ಖನನದಲ್ಲಿ ಜಾಲೆ ಇನಾನ್ ಎಂಬ ಹೆಣ್ಣುಮಗಳಿದ್ದರು. ತುರ್ಕಿಯ ಮೊದಲ ಮಹಿಳಾ ಪುರಾತತ್ವಜ್ಞೆ. ಇವರ ಕಥೆ ಹೇಳದೆ ನಾನು ಕೂರುವವನಲ್ಲ. ಹತ್ತಿರದ ಪೆರ್ಗೆ ಎಂಬ ಇನ್ನೊಂದು ಹಳೇ ಊರಿನಲ್ಲಿ 1980ರಲ್ಲಿ ಇವರಿಗೆ ಹೆರಾಕ್ಲೀಸ್ ವಿಗ್ರಹದ ಕೆಳಗಿನ ಅರ್ಧ ಸಿಕ್ಕಿತು. ಹೆರಾಕ್ಲೀಸ್ ಅಂದರೆ ನಮ್ಮ ಭೀಮನಂಥವನು, ಇಲ್ಲಿ ಸುಸ್ತಾಗಿ ಗದೆಗೆ ಒರಗಿ ನಿಂತಿದ್ದಾನೆ. ಸೊಂಟದ ಮೇಲಿನದು ಎಲ್ಲಿ? ಅಮೆರಿಕದಲ್ಲಿ, ಬಾಸ್ಟನ್ನಿನ ಮ್ಯೂಸಿಯಮ್ಮಿನಲ್ಲಿ! 1992ರಲ್ಲಿ ಎರಡೂ ಅರ್ಧಗಳ ಪ್ಲಾಸ್ಟರ್ ಅಚ್ಚು ಜೋಡಿಸಿ ನೋಡಿದರು. ಕರಾರುವಾಕ್ಕಾಗಿ ಕೂತಿತು. ಇಷ್ಟಾದರೂ ವಾಪಸ್ ಬರಲು 2011 ಆಯಿತು. ಜಾಲೆ 2001ರಲ್ಲೇ ತೀರಿಕೊಂಡಿದ್ದರು.

ಅದೇ 2011ರಲ್ಲಿ ಹಂಪಿ ಬಜಾರಿನಲ್ಲಿ ಏನಾಯಿತು ಅಂತ ಈ ಸಭೆಗೆ ನಾನು ಹೇಳಬೇಕಾಗಿಲ್ಲ: ಹಳೇ ಕಲ್ಲು ಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು ಎಬ್ಬಿಸಿ ಎಲ್ಲ ಕೆಡವಿದರು. ತುರ್ಕಿಯಲ್ಲಿ ಕಲ್ಲು ಮನೆ ಸೇರಿತು, ಹಂಪಿಯಲ್ಲಿ ಜನ ಮನೆ ಬಿಟ್ಟರು. ಮಂಟಪಕ್ಕೆ ಇಟ್ಟಿಗೆ ಗೋಡೆ ಕಟ್ಟಿಕೊಂಡಿದ್ದು ತಪ್ಪು ಅನ್ನುತ್ತೀರಿ, ಸರಿ. ಸೀದೆಯವರು ಮಾಡಿದ್ದೂ ಹೆಚ್ಚುಕಡಿಮೆ ಅದೇ ಅಲ್ವಾ? ಜನರನ್ನು ಇಟ್ಟುಕೊಂಡೇ ಕಲ್ಲು ಕಾಪಾಡುವ ದಾರಿ ಹುಡುಕಬಹುದಿತ್ತು.

ಚೀಟಿ ಬಂತು. ಬೇಗ ಮುಗಿಸುತ್ತೇನೆ. ಹಿಂದೆ ಕಡಲ್ಗಳ್ಳರು ಸೆರೆ ಹಿಡಿದ ಜನರನ್ನು ಸೀದೆಯಲ್ಲಿ ಹರಾಜು ಹಾಕುತ್ತಿದ್ದರು, ಅದು ದೊಡ್ಡ ಕಥೆ, ಬಿಟ್ಟೆ. ಮ್ಯೂಸಿಯಂ ಇರುವುದು ರೋಮನ್ನರ ಸ್ನಾನಗೃಹದಲ್ಲಿ, ತಪ್ಪಿಸಬೇಡಿ. ಅಪೊಲೊ ದೇಗುಲದಲ್ಲಿ ಮತ್ತೆ ಎತ್ತಿ ನಿಲ್ಲಿಸಿದ ಐದು ಕಂಬಗಳಿವೆ. ಎಲ್ಲರೂ ಸಂಜೆ ಹೋಗಿ ಅನ್ನುತ್ತಾರೆ. ಸಂಜೆ ಬರೀ ಸೆಲ್ಫಿ ಗದ್ದಲ, ಬೆಳಿಗ್ಗೆಯೇ ಹೋಗಿ. ವೀಸಾ, ಊಟ, ಖರ್ಚಿನ ವಿಚಾರ ಕಾಫಿ ಹೊತ್ತಿಗೆ ಕೇಳಿ.