ಆಸಿಡ್ ಅಂದ ಕೂಡಲೇ ಬೆಚ್ಚಬೇಕಾ?

ಕೇಳುಗರೇ, ನಮಸ್ಕಾರ.

ಬಸುರಿ ಹೆಣ್ಣುಮಗಳೊಬ್ಬಳು ಒಮ್ಮೆ ಮಾತ್ರೆಯ ಹಾಳೆಯನ್ನು ನನ್ನ ಮುಂದೆ ಹಿಡಿದು ಕೇಳಿದ್ದಳು: 'ಇದರ ಮೇಲೆ ಫೋಲಿಕ್ ಆಸಿಡ್ ಅಂತಿದೆ. ಆಸಿಡ್ ನುಂಗಿದ್ರೆ ಮಗುವಿಗೆ ಏನೂ ಆಗಲ್ವಾ?'

ನಗುವ ಪ್ರಶ್ನೆ ಅಲ್ಲ ಇದು. ಆಸಿಡ್ ಅಂದರೆ ನಮಗೆ ನೆನಪಾಗುವುದು ಬ್ಯಾಟರಿ, ಕಕ್ಕಸು ತೊಳೆಯುವ ಬಾಟಲಿ. ಶಾಲೆಯಲ್ಲಿ ಆಮ್ಲ ಅಂತ ಕಲಿತೆವು. ಆಮ್ಲ ಅಂದರೆ ಹುಳಿ, ಅಷ್ಟೆ. ಹೆದರಿಕೆ ಬಂದದ್ದು ಇಂಗ್ಲಿಷ್ ಹೆಸರಿನ ಜೊತೆಗೇನೋ!

ಫೋಲಿಕ್ ಆಸಿಡ್ ಒಂದು ಹಳದಿ ಪುಡಿ. ನೀರಿಗೆ ಹಾಕಿದರೆ ಸರಿಯಾಗಿ ಕರಗುವುದೂ ಇಲ್ಲ. ಸಾಮಾನ್ಯವಾಗಿ ಹೇಳುವ ಪ್ರಮಾಣ ದಿನಕ್ಕೆ 400 ಮೈಕ್ರೋಗ್ರಾಂ. ಒಂದು ಗ್ರಾಂ ಪುಡಿಯನ್ನು 2500 ಪಾಲು ಮಾಡಿದರೆ ಅದರಲ್ಲಿ ಒಂದೇ ಒಂದು ಪಾಲು. ಊಟ ಅರಗಿಸಲು ನಮ್ಮ ಹೊಟ್ಟೆಯೇ ತಯಾರಿಸುವ ಹೈಡ್ರೋಕ್ಲೋರಿಕ್ ಆಸಿಡ್ ಮುಂದೆ ಇದು ಯಾವ ಲೆಕ್ಕ?

ಇದು ಬಿ9 ವಿಟಮಿನ್. 1941ರಲ್ಲಿ ಪಾಲಕ್ ಸೊಪ್ಪಿನಿಂದ ಇದನ್ನು ಬೇರ್ಪಡಿಸಿದವರು, ಎಲೆಗೆ ಲ್ಯಾಟಿನ್‌ನಲ್ಲಿರುವ 'ಫೋಲಿಯಂ' ಅನ್ನುವ ಪದದಿಂದ ಹೆಸರಿಟ್ಟರು. ಮಗುವಿನ ಮೆದುಳು, ಬೆನ್ನುಹುರಿ ಮೊದಲು ಒಂದು ಪುಟ್ಟ ಕೊಳವೆಯಂತೆ ರೂಪುಗೊಳ್ಳುತ್ತವೆ. ಗರ್ಭ ನಿಂತ ಸುಮಾರು 28 ದಿನಕ್ಕೆ ಆ ಕೊಳವೆ ಪೂರ್ತಿ ಮುಚ್ಚಿಕೊಳ್ಳಬೇಕು, ಅದಕ್ಕೆ ಈ ವಿಟಮಿನ್ ಬೇಕು. ಆಗಿನ್ನೂ ಎಷ್ಟೋ ತಾಯಂದಿರಿಗೆ ತಾವು ಬಸುರಿ ಅನ್ನುವುದೇ ಗೊತ್ತಿರುವುದಿಲ್ಲ! ಅದಕ್ಕೇ ಮಗು ಬೇಕು ಅಂದುಕೊಂಡಾಗಲೇ ಮಾತ್ರೆ ಶುರು ಮಾಡಿ ಅನ್ನುವುದು. ಹಿಂದಿನ ಮಗುವಿಗೆ ಬೆನ್ನುಹುರಿಯ ತೊಂದರೆ ಆಗಿದ್ದರೆ ಪ್ರಮಾಣ ಜಾಸ್ತಿ ಬೇಕಾಗುತ್ತದೆ. ಅದನ್ನು ಡಾಕ್ಟರೇ ಹೇಳಬೇಕು.

ಇನ್ನು ತಿಂಡಿ ಪೊಟ್ಟಣದ ಹಿಂದಿನ ಸಣ್ಣಕ್ಷರ. ಅಲ್ಲಿ '330' ಅಂತ ಕಂಡರೆ ಅದು ಸಿಟ್ರಿಕ್ ಆಸಿಡ್, ನಿಂಬೆಹಣ್ಣಿನ ಹುಳಿ. ಈಗ ಇದನ್ನು ನಿಂಬೆ ಹಿಂಡಿ ತೆಗೆಯುವುದಿಲ್ಲ, ಸಕ್ಕರೆ ತಿನ್ನುವ ಒಂದು ಕಪ್ಪು ಬೂಷ್ಟಿನಿಂದ ಮಾಡಿಸುತ್ತಾರೆ. ಹುಳಿ ಮಾತ್ರ ಅದೇ.

ಈ ಪಾಪದ 330ಕ್ಕೆ ಬಂದ ಕೆಟ್ಟ ಹೆಸರಿನ ಕಥೆ ಕೇಳಿ. 1976ರ ಸುಮಾರಿಗೆ ಫ್ರಾನ್ಸಿನಲ್ಲಿ ಒಂದು ಕರಪತ್ರ ಹರಡಿತು. ಎಲ್ಲಕ್ಕಿಂತ ಅಪಾಯದ್ದು 330, ಅದರಿಂದ ಕ್ಯಾನ್ಸರ್ ಬರುತ್ತದೆ ಅಂತ ಅದರಲ್ಲಿತ್ತು. ಶುದ್ಧ ಸುಳ್ಳು. ಎಡವಟ್ಟು ಆದದ್ದು ಹೀಗಿರಬೇಕು ಅನ್ನುತ್ತಾರೆ: ನಮ್ಮ ಜೀವಕೋಶಗಳು ಶಕ್ತಿ ತಯಾರಿಸುವ ದಾರಿಯಲ್ಲಿ ಸಿಟ್ರಿಕ್ ಆಸಿಡ್ ಬರುತ್ತದೆ. ಆ ದಾರಿಗೆ ಅದನ್ನು ಕಂಡುಹಿಡಿದ ಹಾನ್ಸ್ ಕ್ರೆಬ್ಸ್ ಅವರ ಹೆಸರಿದೆ. ಜರ್ಮನ್ ಭಾಷೆಯಲ್ಲಿ ಕ್ರೆಬ್ಸ್ ಅಂದರೆ ಏಡಿ, ಕ್ಯಾನ್ಸರ್ ಕೂಡ! ನೊಬೆಲ್ ಪಡೆದ ವಿಜ್ಞಾನಿಯ ಹೆಸರನ್ನೇ ಯಾರೋ ರೋಗ ಅಂತ ಓದಿಕೊಂಡರು.

ಹುಳಿ ನಿಜವಾಗಿ ತೊಂದರೆ ಕೊಡುವುದು ಹಲ್ಲಿಗೆ. ಹುಳಿ ಪಾನೀಯ ಕುಡಿದ ತಕ್ಷಣ ಹಲ್ಲುಜ್ಜಬೇಡಿ. ಆಗ ಮೇಲಿನ ಪದರ ಮೆತ್ತಗಾಗಿರುತ್ತದೆ. ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಡಿ.

ಕಕ್ಕಸಿನ ಆಸಿಡ್‌ಗೆ ಮಾತ್ರ ಹೆದರಿಯೇ ಇರಿ. 'ಎರಡೂ ಹಾಕಿದ್ರೆ ಚೆನ್ನಾಗಿ ಬಿಳಿಯಾಗುತ್ತೆ' ಅಂತ ಅದರ ಜೊತೆ ಬ್ಲೀಚ್ ಸುರಿಯಬೇಡಿ. ಏಳುವುದು ಕ್ಲೋರಿನ್ ಅನಿಲ. ಅಕಸ್ಮಾತ್ ಬೆರೆತು ಗಂಟಲು ಉರಿದರೆ ತಿಕ್ಕುವುದನ್ನು ಅಲ್ಲಿಗೇ ಬಿಟ್ಟು, ಮೊದಲು ಹೊರಗೆ ಗಾಳಿಗೆ ಬನ್ನಿ. ನಮಸ್ಕಾರ.