ಹೊಸ ಕೋಳಿಗೆ ಮೂರು ವಾರ ಬೇರೆ ಗೂಡು

ನಮಸ್ಕಾರ. ಮಳೆಗಾಲದ ಕಕ್ಕಡ ತಿಂಗಳು ಬಂತು ಅಂದರೆ ಕೊಡಗಿನಲ್ಲಿ ನಾಟಿಕೋಳಿಗೆ ಬೇಡಿಕೆ ಜಾಸ್ತಿ. ಸಾರಿಗೆ ಅಂತ ತರುವವರಿಗೆ ನಾನು ಹೇಳುವುದೇನೂ ಇಲ್ಲ. ಸಾಕಲು ತರುವವರ ಹತ್ತಿರ ಮಾತಾಡಬೇಕು. ಸಂತೆಯಿಂದ ತಂದ ಕೋಳಿಯನ್ನು ಅದೇ ಸಂಜೆ ಹಳೆ ಕೋಳಿಗಳ ಗೂಡಿಗೆ ಬಿಡುತ್ತೀರಲ್ಲ, ಅದು ತಪ್ಪು. ದೊಡ್ಡ ತಪ್ಪು.

ನಾನೇ ಮಾಡಿದ್ದೇನೆ. ಮೂರು ಹೇಂಟೆ ತಂದಿದ್ದೆ. ಜುಟ್ಟು ಕೆಂಪಗಿತ್ತು, ಕಣ್ಣು ಚುರುಕಾಗಿತ್ತು. ಮನೆಗೆ ಬರುವಾಗ ಕತ್ತಲೆ, ಜೊತೆಗೆ ಜಡಿಮಳೆ. ಇನ್ನೊಂದು ಗೂಡು ಸುಮ್ನೆ ಯಾಕೆ ಅಂತ ಒಳಗೆ ಬಿಟ್ಟೆ. ಐದನೇ ದಿನ ಒಂದು ಹೇಂಟೆ ಮೂಲೆಯಲ್ಲಿ ತೂಕಡಿಸುತ್ತಾ ಕೂತಿತು. ಹಿಕ್ಕೆ ಹಸಿರು ನೀರು. ಆಮೇಲೆ ಅಮ್ಮ ಸಾಕಿದ್ದ ಕೋಳಿಗಳು ಕುತ್ತಿಗೆ ತಿರುಚಿಕೊಂಡು ಬೀಳತೊಡಗಿದವು. ಹನ್ನೊಂದರಲ್ಲಿ ಎರಡು ಉಳಿದವು. ಕೊಕ್ಕರೆ ರೋಗ ಅಂದರು ಪಶುವೈದ್ಯರು. ರಾಣಿಖೇತ್ ಅನ್ನುವುದೂ ಇದನ್ನೇ. ವೈರಸ್ ಹೊಕ್ಕ ಮೇಲೆ ಕಾಯಿಲೆ ಹೊರಗೆ ಕಾಣಲು ಸಾಮಾನ್ಯವಾಗಿ ಐದಾರು ದಿನ ಬೇಕು, ಕೆಲವೊಮ್ಮೆ 15 ದಿನವೂ ಆಗುತ್ತದೆ. ಸಂತೆಯಲ್ಲಿ ನಾನು ಎಷ್ಟು ತಿರುಗಿಸಿ ನೋಡಿದ್ದರೂ ಗೊತ್ತಾಗುತ್ತಿರಲಿಲ್ಲ.

ಕೋಳಿ ಕಾಯಿಲೆಯನ್ನು ಮುಚ್ಚಿಡುತ್ತದೆ. ಗುಂಪಿನಲ್ಲಿ ಸೋತು ಕೂತದ್ದನ್ನು ಉಳಿದವು ಕುಕ್ಕುತ್ತವೆ, ಅಲ್ವಾ? ಅದಕ್ಕೇ ಜನ ಹತ್ತಿರ ಬಂದರೆ ಕಷ್ಟಪಟ್ಟಾದರೂ ಎದ್ದು ನಿಲ್ಲುತ್ತದೆ. ಹಾಗಾಗಿ ಹೊಸ ಕೋಳಿಯನ್ನು ನೋಡುವ ಹೊತ್ತು ರಾತ್ರಿ ಅಂತ ನನ್ನ ಅಭಿಪ್ರಾಯ. ಲೈಟ್ ಆರಿಸಿ ಗೂಡಿನ ಪಕ್ಕ ನಿಲ್ಲಿ. ಶೀಟಿನ ಮೇಲೆ ಮಳೆಯ ಸದ್ದಿದ್ದರೆ ಅದು ತಗ್ಗುವವರೆಗೆ ಕಾಯಿರಿ. ಗೊರಗೊರ ಉಸಿರು, ಸೀನು, ಬಾಯಿ ತೆರೆದು ಉಸಿರೆಳೆಯುವುದು, ಇದೆಲ್ಲ ಕಿವಿಗೇ ಸಿಗುತ್ತದೆ. ಇಂಥ ಉಸಿರಾಟದ ಕಾಯಿಲೆ ತರುವ ಮೈಕೋಪ್ಲಾಸ್ಮಾ ಅನ್ನುವ ರೋಗಾಣು ತಗುಲಿದ ಕೋಳಿ ವಾಸಿಯಾದಂತೆ ಕಂಡರೂ ರೋಗಾಣು ಅದರೊಳಗೇ ಉಳಿದು ಬೇರೆ ಕೋಳಿಗಳಿಗೆ ದಾಟುತ್ತದೆ.

ಆಮೇಲೆ ಟಾರ್ಚ್ ಹಾಕಿ ಕೋಳಿಯನ್ನು ಕೈಗೆತ್ತಿಕೊಳ್ಳಿ. ಎದೆಮೂಳೆ ಮುಟ್ಟಿ ನೋಡಿ. ಗರಿ ಎಲ್ಲವನ್ನೂ ಮುಚ್ಚುತ್ತದೆ, ಬೆರಳಿಗೆ ಮಾತ್ರ ಸತ್ಯ ಗೊತ್ತಾಗುತ್ತದೆ. ಎರಡೂ ಪಕ್ಕ ಮಾಂಸ ಇಲ್ಲದೆ ಮೂಳೆ ಚೂಪಾಗಿ ತಾಗಿದರೆ ಅದು ಬಹಳ ದಿನದಿಂದ ಸೊರಗಿದ ಕೋಳಿ. ಹಿಂಭಾಗದ ಗರಿ ಬಿಡಿಸಿ ಹೇನು ನೋಡಿ. ಗೂಡಿನ ಸಂದುಗಳಿಗೂ ಟಾರ್ಚ್ ಹಿಡಿಯಿರಿ. ಕೆಂಪು ನುಸಿ ಹಗಲೆಲ್ಲ ಅಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ.

ಬೆಳಿಗ್ಗೆ ಹಿಕ್ಕೆ ನೋಡಿ. ಕೆಳಗೆ ಹಳೆ ಪೇಪರ್ ಹಾಸಿದ್ದರೆ ಸುಲಭ. ಮೇಲೆ ಸ್ವಲ್ಪ ಬಿಳಿ ಇರುವ ಗಟ್ಟಿ ಹಿಕ್ಕೆ ಒಳ್ಳೆಯದು. ನಡುನಡುವೆ ಕಂದು ಬಣ್ಣದ ಅಂಟು ಹಿಕ್ಕೆ ಬಂದರೆ ಹೆದರಬೇಡಿ, ಅದು ಮಾಮೂಲು. ರಕ್ತ ಕಂಡರೆ ತಡ ಮಾಡಬೇಡಿ. ಕಾಕ್ಸಿಡಿಯೋಸಿಸ್ ಅನ್ನುವ ಕರುಳಿನ ಕಾಯಿಲೆ ಇರಬಹುದು, ನಮ್ಮ ಮಳೆಗಾಲದ ಒದ್ದೆ ನೆಲ ಅದಕ್ಕೆ ತವರುಮನೆ.

ಇದೆಲ್ಲ ಒಂದೇ ರಾತ್ರಿಯ ಕೆಲಸ ಅಲ್ಲ. ಕಮ್ಮಿ ಅಂದರೂ ಮೂರು ವಾರ ಬೇರೆ ಗೂಡು, ಬೇರೆ ನೀರಿನ ಪಾತ್ರೆ. ಮೊದಲು ಹಳೆಯವಕ್ಕೆ ಕಾಳು ಹಾಕಿ, ಆಮೇಲೆ ಹೊಸದರ ಹತ್ತಿರ ಹೋಗಿ. ಚಪ್ಪಲಿಯೂ ಬೇರೆ ಇರಲಿ. ಎರಡು ಕೋಳಿಗೆ ಇಷ್ಟೆಲ್ಲ ಯಾಕೋ ಅಂತ ನಮ್ಮ ಚಿಕ್ಕಪ್ಪ ಕೇಳುತ್ತಾರೆ. ಎರಡು ಕೋಳಿಗಲ್ಲ ಚಿಕ್ಕಪ್ಪ, ಮನೆಯಲ್ಲಿ ಮೊದಲೇ ಇರುವವಕ್ಕೆ.

ಕೋಳಿಗಳು ಒಂದರ ಹಿಂದೆ ಒಂದು ಸಾಯತೊಡಗಿದರೆ ಕೊಯ್ದು ಸಾರು ಮಾಡಬೇಡಿ. ಪಶು ಆಸ್ಪತ್ರೆಗೆ ಹೇಳಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಸಪ್ಪಗಾದ ಕೋಳಿಯನ್ನು ಸಾಯುವ ಮೊದಲೇ ಮಾರಿಬಿಡೋಣ ಅಂತ ಸಂತೆಗೆ ಒಯ್ಯಬೇಡಿ, ಕೈಮುಗಿದು ಕೇಳುತ್ತೇನೆ. ನಾನು ತಂದ ಆ ಮೂರು ಹೇಂಟೆಗಳೂ ಯಾರದೋ ಮನೆಯಿಂದ ಹಾಗೇ ಬಂದಿರಬಹುದು.